ಎಲ್ಲರ ಬಳಿಯೂ ಇರುವ ಕಾರ್ಡು

ಅಮೆರಿಕದಲ್ಲಿ ಬೇಸ್‌ಬಾಲ್ ಕಾರ್ಡು ಸಂಗ್ರಹಿಸುವವರು ‘ಕಾಮನ್’ ಎಂಬ ಪದವನ್ನು ನಾಮಪದದ ಹಾಗೆ ಬಳಸುತ್ತಾರೆ. ಒಂದು ಪ್ಯಾಕೆಟ್ ಒಡೆದರೆ ಹದಿನೈದು ಹದಿನಾರು ಕಾರ್ಡು ಸಿಗುತ್ತವೆ. ಅದರಲ್ಲಿ ಒಂದೋ ಎರಡೋ ಹೆಸರಾಂತ ಆಟಗಾರರದ್ದು, ಉಳಿದವೆಲ್ಲ ಕಾಮನ್. ಅವನ್ನು ಯಾರೂ ಬೇಕೆಂದು ಕೇಳುವುದಿಲ್ಲ, ಯಾರೂ ಕದಿಯುವುದೂ ಇಲ್ಲ. ರಟ್ಟಿನ ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ಜೋಡಿಸಿ ನೆಲಮಾಳಿಗೆಗೆ ಸಾಗಿಸುತ್ತಾರೆ. ಸಂಗ್ರಾಹಕರಲ್ಲಿ ಅತಿ ಹೆಚ್ಚು ಜನರ ಬಳಿ ಇರುವ ಕಾರ್ಡುಗಳು ಇವೇ. ಪತ್ರಿಕೆಯಲ್ಲಿ ಸುದ್ದಿಯಾಗುವುದು ಮಾತ್ರ ಹರಾಜಿನಲ್ಲಿ ಕೋಟಿ ಬೆಲೆಗೆ ಹೋದ ಇನ್ಯಾವುದೋ ಕಾರ್ಡು.

ಬೇಸ್‌ಬಾಲ್ ಆಟದ ನಿಯಮಗಳು ನನಗೆ ಇವತ್ತಿಗೂ ಅರ್ಧಂಬರ್ಧ. ಆದರೆ ಈ ಕಾಮನ್ ಕಾರ್ಡುಗಳ ಕಥೆ ಕೆಲವು ವರ್ಷಗಳಿಂದ ನನ್ನನ್ನು ಬಿಟ್ಟಿಲ್ಲ. ನಮ್ಮೆಲ್ಲರಿಗೂ ಸಂಬಂಧಿಸಿದ ಒಂದು ಪ್ರಶ್ನೆ ಅದರಲ್ಲಿದೆ. ಒಂದು ವಸ್ತು ಬೇಕು ಅಂತ ಮನಸ್ಸಿಗೆ ಬಂದಾಗ, ನಿಜಕ್ಕೂ ಬೇಕಾಗಿರುವುದು ಆ ವಸ್ತುವೇ? ಅಥವಾ ಅದು ಬೇರೆಯವರ ಬಳಿ ಇಲ್ಲ ಎಂಬ ಸಂಗತಿಯೇ? ಮೇಲ್ನೋಟಕ್ಕೆ ಈ ಎರಡೂ ಆಸೆಗಳು ಒಂದೇ ಥರ ಕಾಣುತ್ತವೆ. ಅವುಗಳ ನಡುವಿನ ವ್ಯತ್ಯಾಸ ಗೊತ್ತಾಗಬೇಕಾದರೆ ಆ ವಸ್ತು ಒಮ್ಮೆ ಎಲ್ಲರ ಕೈಗೂ ಬರಬೇಕು. ಬೇಸ್‌ಬಾಲ್ ಕಾರ್ಡಿನ ವಿಷಯದಲ್ಲಿ ಅದು ನಿಜವಾಗಿಯೂ ನಡೆದುಹೋಯಿತು.

ಮೊದಲು ಈ ಕಾರ್ಡು ಎಂದರೇನು ಎಂದು ಹೇಳಿಬಿಡುತ್ತೇನೆ. ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ ಗಟ್ಟಿ ಕಾಗದ. ಮುಂದೆ ಆಟಗಾರನ ಚಿತ್ರ, ಹಿಂದೆ ಅವನ ಆಟದ ಅಂಕಿಅಂಶ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಿಗರೇಟು ಪ್ಯಾಕಿನೊಳಗೆ ಇಂಥ ಚಿತ್ರಗಳನ್ನು ಹಾಕುತ್ತಿದ್ದರು. ಪ್ಯಾಕು ಬಾಗದಂತೆ ತಡೆಯುವುದು ಒಂದು ಕೆಲಸ, ಕೊಳ್ಳುವವನನ್ನು ಮತ್ತೆ ಅಂಗಡಿಗೆ ಕರೆತರುವುದು ಇನ್ನೊಂದು. ಮುಂದೆ ಬಬಲ್ ಗಮ್ ಕಂಪನಿಗಳು ಈ ಉಪಾಯವನ್ನು ಎತ್ತಿಕೊಂಡವು. ಮೇಣದ ಕಾಗದದ ಪ್ಯಾಕಿನಲ್ಲಿ ಒಂದಷ್ಟು ಕಾರ್ಡು, ಜೊತೆಗೆ ಗುಲಾಬಿ ಬಣ್ಣದ ಒಂದು ಗಮ್ ತುಂಡು. 1980ರ ದಶಕದ ಕೊನೆಯಲ್ಲಿ ನಮ್ಮಲ್ಲೂ ಬಬಲ್ ಗಮ್ ಜೊತೆ ಕ್ರಿಕೆಟ್ ಆಟಗಾರರ ಕಾರ್ಡು ಬರುತ್ತಿತ್ತು. ಅದನ್ನು ಕೂಡಿಹಾಕಿದವರಿಗೆ ಆ ರುಚಿ ನೆನಪಿರಬಹುದು.

ಅಮೆರಿಕದ ಹುಡುಗರು ಈ ಕಾರ್ಡುಗಳನ್ನು ಹೇಗೆ ಬಳಸುತ್ತಿದ್ದರು ಎಂಬುದು ಮುಖ್ಯ. ಗೋಡೆಗೆ ಎಸೆದು ಯಾರದ್ದು ಹತ್ತಿರ ಬೀಳುತ್ತದೆ ಎಂದು ಪಂಥ ಕಟ್ಟುತ್ತಿದ್ದರು. ಸೈಕಲ್ಲಿನ ಚಕ್ರದ ಕಡ್ಡಿಗೆ ತಾಗುವಂತೆ ಸಿಕ್ಕಿಸಿ ಮೋಟಾರಿನ ಸದ್ದು ಬರಿಸುತ್ತಿದ್ದರು. ರಬ್ಬರ್ ಬ್ಯಾಂಡ್ ಸುತ್ತಿ ಜೇಬಿನಲ್ಲಿ ಇಟ್ಟುಕೊಂಡು ಶಾಲೆಗೆ ಹೋಗುತ್ತಿದ್ದರು. ದೊಡ್ಡವರಾಗಿ ಊರು ಬಿಟ್ಟಾಗ ತಾಯಂದಿರು ಕೋಣೆ ಗುಡಿಸಿ ಎಲ್ಲವನ್ನೂ ಕಸದ ಬುಟ್ಟಿಗೆ ಹಾಕುತ್ತಿದ್ದರು. ಅಮ್ಮ ಎಸೆದುಬಿಟ್ಟ ಕಾರ್ಡು ಅಲ್ಲಿನ ಮನೆಮನೆಯ ಕಥೆ.

ಕಂಪನಿಗಳೂ ಹಾಗೇ ಎಸೆಯುತ್ತಿದ್ದವು. ಟಾಪ್ಸ್ ಕಂಪನಿ 1952ರಲ್ಲಿ ತಂದ ಕಾರ್ಡುಗಳ ಕೊನೆಯ ಕಂತು ಆ ವರ್ಷದ ಆಟದ ಋತು ಮುಗಿಯುವ ಹೊತ್ತಿಗೆ ಅಂಗಡಿಗೆ ಬಂತು, ಮಾರಾಟವಾಗಲಿಲ್ಲ. ಆ ಕಂಪನಿಯಲ್ಲಿ ಕಾರ್ಡಿನ ಕೆಲಸ ನೋಡಿಕೊಳ್ಳುತ್ತಿದ್ದ ಸೈ ಬರ್ಗರ್ ಹಲವು ಸಲ ಹೇಳಿದ ಕಥೆಯಿದು. 1960ರ ಸುಮಾರಿಗೆ ಗೋದಾಮಿನಲ್ಲಿ ಜಾಗ ಮಾಡಲು ಅವರು ಆ ಪೆಟ್ಟಿಗೆಗಳನ್ನು ದೋಣಿಗೆ ಹೇರಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದರು. ಆ ಕಂತಿನಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ಮಿಕ್ಕಿ ಮ್ಯಾಂಟಲ್ ಅವರ 311ನೇ ನಂಬರಿನ ಕಾರ್ಡು ಇತ್ತು. 2022ರ ಆಗಸ್ಟ್‌ನಲ್ಲಿ ಅದರ ಒಂದು ಒಳ್ಳೆಯ ಪ್ರತಿ ಒಂದು ಕೋಟಿ ಇಪ್ಪತ್ತಾರು ಲಕ್ಷ ಡಾಲರಿಗೆ ಹರಾಜಾಯಿತು. ಅದುವರೆಗೆ ಯಾವ ಕ್ರೀಡಾ ಕಾರ್ಡಿಗೂ ಅಷ್ಟು ಬೆಲೆ ಬಂದಿರಲಿಲ್ಲ.

ಇಲ್ಲಿ ಒಂದು ವಿಚಿತ್ರವಿದೆ. ಮ್ಯಾಂಟಲ್ ಕಾರ್ಡು ವಿರಳವಾದದ್ದು ಯಾರೋ ಅದನ್ನು ಅಮೂಲ್ಯವೆಂದು ತಿಳಿದು ಕಡಿಮೆ ಮುದ್ರಿಸಿದ್ದರಿಂದ ಅಲ್ಲ. ಯಾರೂ ಅದನ್ನು ಅಮೂಲ್ಯವೆಂದು ತಿಳಿಯದೆ ಇದ್ದುದರಿಂದ. ಸೈಕಲ್ ಚಕ್ರ, ಕಸದ ಬುಟ್ಟಿ, ಸಮುದ್ರ, ಇವೆಲ್ಲ ಸೇರಿ ಅದನ್ನು ದುಬಾರಿ ಮಾಡಿದವು. ಇವತ್ತಿನ ಕೋಟಿಯ ಹಿಂದೆ ಅವತ್ತಿನ ಉಡಾಫೆ ಇದೆ.

1970ರ ದಶಕದಲ್ಲಿ ಹಳೆಯ ಹುಡುಗರು ನಡುವಯಸ್ಸಿನವರಾದರು. ಕೈಯಲ್ಲಿ ದುಡ್ಡು ಬಂತು, ಬಾಲ್ಯ ಬೇಕೆನಿಸಿತು. ಬೌಲಿಂಗ್ ಗ್ರೀನ್ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ಜೇಮ್ಸ್ ಬೆಕೆಟ್ ಯಾವ ಕಾರ್ಡಿಗೆ ಎಷ್ಟು ಬೆಲೆ ಎಂದು ಪಟ್ಟಿ ಮಾಡಿದರು. 1979ರಲ್ಲಿ ಆ ಬೆಲೆಪಟ್ಟಿ ಪುಸ್ತಕವಾಗಿ ಬಂತು, 1984ರಿಂದ ಮಾಸಪತ್ರಿಕೆಯಾಯಿತು. ಹತ್ತು ವರ್ಷದ ಹುಡುಗ ಪತ್ರಿಕೆ ತೆರೆದು ತನ್ನ ಕಾರ್ಡಿನ ಮುಂದೆ ಮೇಲೆ ಹೋಗುವ ಬಾಣವಿದೆಯೋ ಕೆಳಗಿಳಿಯುವ ಬಾಣವಿದೆಯೋ ಎಂದು ನೋಡುವ ಕಾಲ ಶುರುವಾಯಿತು. ಆಟದ ಸಾಮಾನು ಷೇರಿನ ಹಾಗಾಯಿತು.

ಅದೇ ಹೊತ್ತಿಗೆ ಮಾರುಕಟ್ಟೆಯ ಬಾಗಿಲೂ ತೆರೆಯಿತು. 1956ರಲ್ಲಿ ತನ್ನ ಪ್ರತಿಸ್ಪರ್ಧಿ ಬೌಮನ್ ಕಂಪನಿಯನ್ನು ಕೊಂಡ ಮೇಲೆ ಟಾಪ್ಸ್ ಕಂಪನಿಗೆ ಎದುರು ಇರಲಿಲ್ಲ ಎನ್ನಬಹುದು. ಫ್ಲೀರ್ ಕಂಪನಿ ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಯಿತು. 1980ರಲ್ಲಿ ತೀರ್ಪು ಅದರ ಪರವಾಗಿ ಬಂತು. 1981ರಲ್ಲಿ ಫ್ಲೀರ್, ಡಾನ್‌ರಸ್ ಎರಡೂ ಕಣಕ್ಕಿಳಿದವು. ಮೇಲ್ಮನವಿಯಲ್ಲಿ ತೀರ್ಪು ತಿರುಗಿತು. ಆದರೆ ಟಾಪ್ಸ್ ಕಂಪನಿಯ ಹಕ್ಕು ಇದ್ದದ್ದು ಗಮ್ ಜೊತೆ ಕಾರ್ಡು ಮಾರುವುದರ ಮೇಲೆ. ಹಾಗಾಗಿ ಫ್ಲೀರ್ ಗಮ್ ಬದಲು ಸ್ಟಿಕ್ಕರ್ ಇಟ್ಟಿತು, ಡಾನ್‌ರಸ್ ಚಿತ್ರ ಜೋಡಿಸುವ ಪಜಲ್ ತುಂಡುಗಳನ್ನು ಇಟ್ಟಿತು. 1988ರಲ್ಲಿ ಸ್ಕೋರ್ ಬಂತು, 1989ರಲ್ಲಿ ಅಪ್ಪರ್ ಡೆಕ್.

ಹಳೆಯ ಕಾರ್ಡು ಕೋಟಿ ಬಾಳುತ್ತದೆಂಬ ಸುದ್ದಿ ಹರಡಿದ ದೇಶದಲ್ಲಿ, ಐದು ಕಂಪನಿಗಳು ಹಗಲೂ ರಾತ್ರಿ ಹೊಸ ಕಾರ್ಡು ಮುದ್ರಿಸಿದವು. ಎಷ್ಟು ಎಂದು ಅವು ಹೇಳಲಿಲ್ಲ. ಈ ಹವ್ಯಾಸದ ಇತಿಹಾಸ ಬರೆದ ಡೇವ್ ಜೇಮಿಸನ್ ತಮ್ಮ ‘ಮಿಂಟ್ ಕಂಡಿಷನ್’ ಪುಸ್ತಕದಲ್ಲಿ ಆ ಕಾಲದ ಒಂದು ಅಂದಾಜನ್ನು ಕೊಡುತ್ತಾರೆ. ವರ್ಷಕ್ಕೆ 8,100 ಕೋಟಿ ಕಾರ್ಡು. ಆಗಿನ ಅಮೆರಿಕದ ಜನಸಂಖ್ಯೆಗೆ ಹಂಚಿದರೆ ಕೂಸಿನಿಂದ ಮುದುಕರವರೆಗೆ ತಲೆಗೆ ಮುನ್ನೂರಕ್ಕೂ ಹೆಚ್ಚು. ಈ ಕಾಲಕ್ಕೆ ಸಂಗ್ರಾಹಕರು ಆಮೇಲೆ ‘ಜಂಕ್ ವ್ಯಾಕ್ಸ್’ ಯುಗ ಎಂದು ಹೆಸರಿಟ್ಟರು. ವ್ಯಾಕ್ಸ್ ಎಂದರೆ ಆ ಮೇಣದ ಕಾಗದ, ಜಂಕ್ ಎಂದರೆ ಏನೆಂದು ಹೇಳಬೇಕಿಲ್ಲ.

ಮರದ ಹಲಗೆಯಂಥ ಚೌಕಟ್ಟಿನ 1987ರ ಟಾಪ್ಸ್, 1988ರ ಡಾನ್‌ರಸ್, 1990ರ ಫ್ಲೀರ್, 1991ರ ಸ್ಕೋರ್. ಅಮೆರಿಕದಲ್ಲಿ ಯಾರ ಮನೆಯ ಅಟ್ಟ ಹುಡುಕಿದರೂ ಇವುಗಳಲ್ಲಿ ಒಂದಾದರೂ ಸಿಕ್ಕೀತು ಎನ್ನುತ್ತಾರೆ. ಎಲ್ಲರೂ ಅವನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟರು. ಯಾರೂ ಸೈಕಲ್ಲಿಗೆ ಸಿಕ್ಕಿಸಲಿಲ್ಲ. ಕೆಲವರು ಪ್ಯಾಕು ಒಡೆಯಲೇ ಇಲ್ಲ. ಅಮ್ಮಂದಿರೂ ಪಾಠ ಕಲಿತಿದ್ದರು, ಎಸೆಯಲಿಲ್ಲ. 1994ರ ಆಗಸ್ಟ್‌ನಲ್ಲಿ ಆಟಗಾರರು ಮುಷ್ಕರ ಹೂಡಿದರು, ಆ ವರ್ಷದ ವರ್ಲ್ಡ್ ಸೀರೀಸ್ ರದ್ದಾಯಿತು, ಜನರಿಗೆ ಆಟದ ಮೇಲೇ ಬೇಸರ ಬಂತು. ಪೆಟ್ಟಿಗೆಗಳನ್ನು ಮಾರಲು ಹೊರಟವರಿಗೆ ಕೊಳ್ಳುವವರು ಸಿಗಲಿಲ್ಲ. ಮಾರಲು ಬಂದವರು ಮಾತ್ರ ಎಲ್ಲೆಡೆ ಇದ್ದರು.

ಕೆಲಸದ ನಿಮಿತ್ತ ನ್ಯೂಜೆರ್ಸಿಯಲ್ಲಿದ್ದ ಕಾಲದಲ್ಲಿ ಇಂಥ ಪೆಟ್ಟಿಗೆಗಳನ್ನು ನಾನು ಮೊದಲ ಸಲ ಕಂಡೆ. ಜೊತೆಗೆ ಕೆಲಸ ಮಾಡುತ್ತಿದ್ದವನೊಬ್ಬ ತನ್ನ ತಂದೆ ತೀರಿಕೊಂಡ ಮೇಲೆ ಆ ಮನೆ ಖಾಲಿ ಮಾಡುತ್ತಿದ್ದ. ಸಾಮಾನು ಎತ್ತಲು ನಾನೂ ಹೋಗಿದ್ದೆ. ನೆಲಮಾಳಿಗೆಯಲ್ಲಿ ಉದ್ದನೆಯ ಬಿಳಿ ರಟ್ಟಿನ ಪೆಟ್ಟಿಗೆಗಳು ಸೊಂಟದೆತ್ತರಕ್ಕೆ ನಿಂತಿದ್ದವು. ಪ್ರತಿಯೊಂದರ ಮೇಲೆ ಇಸವಿ. ತಂದೆ ಕಾರ್ಖಾನೆಯ ಕೆಲಸಗಾರ. ವರ್ಷಕ್ಕೊಮ್ಮೆ ಮಗನ ಹುಟ್ಟುಹಬ್ಬಕ್ಕೆ ಆ ವರ್ಷದ ಪೂರ್ತಿ ಸೆಟ್ಟನ್ನು ಕೊಂಡು, ಮುಟ್ಟಬೇಡ, ಇದು ನಿನ್ನ ಕಾಲೇಜಿನ ಫೀಸು ಎಂದು ಹೇಳಿ ಎತ್ತಿಡುತ್ತಿದ್ದರಂತೆ. ಕಾಲೇಜಿಗೆ ಸೇರುವ ಹೊತ್ತಿಗೆ ಎಲ್ಲ ಪೆಟ್ಟಿಗೆ ಸೇರಿದರೂ ಒಂದು ಪಠ್ಯಪುಸ್ತಕದ ದುಡ್ಡು ಹುಟ್ಟಲಿಲ್ಲ. ಸಾಲ ಮಾಡಿ ಓದಿದ.

ಆ ಮಧ್ಯಾಹ್ನ ಅವನು ಕೇಳಿದ ಪ್ರಶ್ನೆ ಇಷ್ಟೇ. ಇವನ್ನು ಏನು ಮಾಡಲಿ? ಮಾರುವಂತಿಲ್ಲ, ಅನಾಥಾಶ್ರಮದವರೂ ಬೇಡ ಎನ್ನುತ್ತಾರೆ, ಎಸೆಯಲು ಕೈ ಬರುವುದಿಲ್ಲ. ಆಮೇಲೆ ಮೆಲ್ಲಗೆ ಸೇರಿಸಿದ, ಇವುಗಳ ಜೊತೆ ಆಡಬೇಕು ಎಂದು ನನಗೆ ಎಷ್ಟು ಆಸೆಯಿತ್ತು ಗೊತ್ತಾ?

ಆ ಕೊನೆಯ ಮಾತು ನನಗೆ ನಾಟಿತು. ನಷ್ಟವಾದದ್ದು ಫೀಸಿನ ಹಣ ಮಾತ್ರವಲ್ಲ, ಒಂದು ಬಾಲ್ಯದಷ್ಟು ಆಟ. ಕಾರ್ಡು ಆಟದ ವಸ್ತುವಾಗಿ ಉಳಿದಿದ್ದರೆ ಅದರ ಬೆಲೆ ಬಿದ್ದರೂ ಅವನಿಗೆ ಏನೂ ಆಗುತ್ತಿರಲಿಲ್ಲ. ಆಡಿದ್ದು ಆಡಿಯೇ ಇರುತ್ತಿತ್ತು. ತಂದೆಯ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆದರೆ ಆ ಪ್ರೀತಿಯನ್ನು ಅವರು ಇಟ್ಟ ಪಾತ್ರೆ ಎಂಥದ್ದು? ಉಳಿದ ತಂದೆಯರೆಲ್ಲ ತಮ್ಮ ಮಕ್ಕಳಿಗೆ ಅದನ್ನೇ ಮಾಡಲಿಲ್ಲವಾದರೆ ಮಾತ್ರ ತುಂಬುವ ಪಾತ್ರೆ.

ತತ್ತ್ವಶಾಸ್ತ್ರ ಓದಿದವರಿಗೆ ಇಲ್ಲಿ ಕಾಂಟ್ ನೆನಪಾಗಬಹುದು. ನೀನು ಯಾವ ಸೂತ್ರದ ಮೇಲೆ ನಡೆಯುತ್ತೀಯೋ ಅದು ಎಲ್ಲರಿಗೂ ನಿಯಮವಾದರೆ ನಿಲ್ಲುತ್ತದೆಯೇ ಎಂದು ಕೇಳಿಕೋ ಎಂಬುದು 1785ರಲ್ಲಿ ಅವರು ಮುಂದಿಟ್ಟ ಪರೀಕ್ಷೆ. ಹಳೆಯ ಕಾರ್ಡಿಗೆ ಬೆಲೆ ಬಂದಿದೆ, ಆದ್ದರಿಂದ ಹೊಸದನ್ನು ಕೂಡಿಡೋಣ ಎಂಬ ಸೂತ್ರ ಎಲ್ಲರದ್ದೂ ಆದ ಕ್ಷಣ ಕುಸಿಯುತ್ತದೆ. ಅಮೆರಿಕ ಒಂದಿಡೀ ದಶಕ, ತನಗೆ ಗೊತ್ತಿಲ್ಲದೆಯೇ, ರಟ್ಟಿನ ಕಾರ್ಡು ಇಟ್ಟುಕೊಂಡು ಈ ಪರೀಕ್ಷೆಯನ್ನು ಮಾಡಿತು.

ಆದರೆ ಅವಸರ ಬೇಡ. ಎಲ್ಲರೂ ಮಾಡಿದರೆ ನಡೆಯದ ಕೆಲಸವೆಲ್ಲ ಅನೀತಿಯಲ್ಲ. ಬ್ಯಾಂಕಿನಲ್ಲಿ ಜನ ಕಡಿಮೆ ಇರುವ ಹೊತ್ತು ನೋಡಿ ಹೋಗುವವನು ತಪ್ಪೇನೂ ಮಾಡುತ್ತಿಲ್ಲ. ಎಲ್ಲರೂ ಅದೇ ಹೊತ್ತಿಗೆ ಹೋದರೆ ಅವನ ಉಪಾಯ ಕೆಡುತ್ತದೆ, ಅಷ್ಟೇ. ನೆಲಮಾಳಿಗೆಯ ಆ ತಂದೆಯನ್ನು ಅನೀತಿವಂತ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ನನ್ನ ಮಾತು ಇನ್ನೂ ಸಣ್ಣದು. ಅವರು ಕೊಂಡಿದ್ದು ಕಾರ್ಡನ್ನಲ್ಲ, ಬೇರೆಯವರ ಬಳಿ ಇರಲಾರದ ಕಾರ್ಡನ್ನು. ಆ ಎರಡನೆಯ ವಸ್ತು ಅಂಗಡಿಯಲ್ಲಿ ಇರಲೇ ಇಲ್ಲ.

ಅರ್ಥಶಾಸ್ತ್ರಜ್ಞ ಫ್ರೆಡ್ ಹಿರ್ಷ್ 1976ರ ತಮ್ಮ ಪುಸ್ತಕದಲ್ಲಿ ಇಂಥ ಸರಕುಗಳಿಗೆ ಒಂದು ಪ್ರತ್ಯೇಕ ವರ್ಗವನ್ನೇ ಮಾಡಿದರು. ಅನ್ನ, ಬಟ್ಟೆ ನನಗೆ ಸಿಕ್ಕರೆ ಸಾಕು, ನಿಮಗೂ ಸಿಕ್ಕಿತೆಂದು ನನ್ನ ಹೊಟ್ಟೆ ಖಾಲಿಯಾಗುವುದಿಲ್ಲ. ಆದರೆ ಕೆಲವು ಸರಕುಗಳ ಸುಖ ಇರುವುದು ಸಾಲಿನಲ್ಲಿ ನಾನು ಎಲ್ಲಿದ್ದೇನೆ ಎಂಬುದರಲ್ಲಿ. ಎಲ್ಲರಿಗೂ ಮುಂದಿನ ಸಾಲಿನ ಕುರ್ಚಿ ಕೊಡಲು ಸಾಧ್ಯವಿಲ್ಲ. ನಮ್ಮ ಹಳ್ಳಿಯ ಮಾತಿನಲ್ಲಿ ಹೇಳುವುದಾದರೆ, ಊರಿಗೊಬ್ಬಳೇ ಪದ್ಮಾವತಿ ಆಗುವ ಆಸೆ. ಆ ಗಾದೆಯಲ್ಲಿರುವ ನಗೆಯನ್ನು ಗಮನಿಸಿ. ಪದ್ಮಾವತಿಯ ಚೆಲುವನ್ನು ಅದು ಅಲ್ಲಗಳೆಯುವುದಿಲ್ಲ. ಊರಿನಲ್ಲಿ ಬೇರೆ ಯಾರೂ ಇಲ್ಲ ಎಂಬ ಬಿಂಕವನ್ನು ಮಾತ್ರ ಚುಚ್ಚುತ್ತದೆ.

ಇಲ್ಲಿಗೆ ಒಂದು ಆಕ್ಷೇಪ ಬರಬೇಕು. ಬೆಲೆ ಎಂದರೆ ಕೊರತೆಯೇ ತಾನೇ, ಅದರಲ್ಲಿ ನೀತಿಯ ಮಾತೇಕೆ? ಉತ್ತರಕ್ಕೆ ಮತ್ತೆ ಮ್ಯಾಂಟಲ್ ಕಾರ್ಡನ್ನೇ ನೋಡೋಣ. 1952ರ ಆ ಕಂತಿನ ಮುದ್ರಣದ ಹಾಳೆಯಲ್ಲಿ ಮ್ಯಾಂಟಲ್ ಚಿತ್ರ ಎರಡು ಕಡೆ ಇತ್ತು. ಅಂದರೆ ಅದೇ ಕಂತಿನ ಹೆಚ್ಚಿನ ಕಾರ್ಡುಗಳಿಗಿಂತ ಅದು ಎರಡು ಪಟ್ಟು ಮುದ್ರಣವಾಗಿದೆ. ಅದಕ್ಕಿಂತ ವಿರಳವಾದ ಕಾರ್ಡುಗಳು ಅದೇ ಕಂತಿನಲ್ಲಿವೆ, ಅವುಗಳಿಗೆ ಅದರ ಬೆಲೆಯ ಸಣ್ಣ ಪಾಲೂ ಇಲ್ಲ. ಕೊರತೆಯೇ ಎಲ್ಲವೂ ಆಗಿದ್ದರೆ ಹೀಗಾಗಬಾರದಿತ್ತು. ಜನ ಮ್ಯಾಂಟಲ್ ಅವರನ್ನು ಮೊದಲೇ ಪ್ರೀತಿಸಿದ್ದರು. ಕೊರತೆ ಆ ಪ್ರೀತಿಯನ್ನು ಗುಣಿಸಿತು, ಹುಟ್ಟಿಸಲಿಲ್ಲ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ.

ಹಾಗಾದರೆ ಇದರ ತಿರುಗುಮುರುಗು ಪ್ರಶ್ನೆಯನ್ನೂ ಕೇಳಬಹುದು. ಪ್ರೀತಿ ಇದ್ದು ಕೊರತೆ ಇಲ್ಲದಿದ್ದರೆ? ಇದಕ್ಕೂ ಒಂದು ಕಾರ್ಡು ಇದೆ. ನನ್ನ ಮಟ್ಟಿಗೆ ಈ ಇಡೀ ಕಥೆಯ ನಾಯಕ ಅದೇ.

1989ರಲ್ಲಿ ಅಪ್ಪರ್ ಡೆಕ್ ಕಂಪನಿ ತನ್ನ ಮೊದಲ ಸೆಟ್ಟನ್ನು ತಂದಾಗ 1ನೇ ನಂಬರನ್ನು ಇನ್ನೂ ಒಂದು ಮೇಜರ್ ಲೀಗ್ ಪಂದ್ಯವನ್ನೂ ಆಡಿರದ ಹತ್ತೊಂಬತ್ತರ ಹುಡುಗನಿಗೆ ಕೊಟ್ಟಿತು. ಹೆಸರು ಕೆನ್ ಗ್ರಿಫಿ ಜೂನಿಯರ್. ಸಿಯಾಟಲ್ ಮ್ಯಾರಿನರ್ಸ್ ಉಡುಪಿನಲ್ಲಿ ಅವರ ಚಿತ್ರ ಸಿಗಲಿಲ್ಲ. ಕಿರಿಯ ಲೀಗಿನಲ್ಲಿ ಆಡುವಾಗ ತೆಗೆದ ಚಿತ್ರದಲ್ಲಿ ಟೋಪಿಯ ಬಣ್ಣ, ಅಕ್ಷರ ತಿದ್ದಿ ಮ್ಯಾರಿನರ್ಸ್ ಟೋಪಿ ಮಾಡಿದರು. ಕತ್ತಿನಲ್ಲಿ ಸರ, ಹೆಗಲ ಮೇಲೆ ಬ್ಯಾಟು, ಮುಖದ ತುಂಬ ನಗು. ಆ ಏಪ್ರಿಲ್‌ನಲ್ಲಿ ಅವರು ಮೈದಾನಕ್ಕಿಳಿದರು. ಮರುವರ್ಷ ತಂದೆಯೂ ಅದೇ ತಂಡಕ್ಕೆ ಬಂದರು. 1990ರ ಸೆಪ್ಟೆಂಬರ್ 14ರಂದು ಅಪ್ಪ ಮಗ ಒಬ್ಬರ ಬೆನ್ನಿಗೆ ಒಬ್ಬರು ಹೋಮ್ ರನ್ ಹೊಡೆದರು. ನಿವೃತ್ತಿಯ ಹೊತ್ತಿಗೆ ಗ್ರಿಫಿ ಹೆಸರಿನಲ್ಲಿ 630 ಹೋಮ್ ರನ್‌ಗಳಿದ್ದವು. 2016ರಲ್ಲಿ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದಾಗ 440 ಮತಗಳಲ್ಲಿ 437 ಅವರಿಗೆ ಬಿದ್ದವು.

ಅವರ ಆ ಕಾರ್ಡು ವಿರಳವಲ್ಲ, ಬೇಕಾದಷ್ಟಿದೆ. ಕಾರ್ಡಿನ ಸ್ಥಿತಿ ನೋಡಿ ಅಂಕ ಕೊಡುವ ಸಂಸ್ಥೆಗಳಿಗೆ ಅತಿ ಹೆಚ್ಚು ಸಲ ಬಂದ ಬೇಸ್‌ಬಾಲ್ ಕಾರ್ಡುಗಳಲ್ಲಿ ಅದೂ ಒಂದು. ಹತ್ತಕ್ಕೆ ಹತ್ತು ಅಂಕ ಪಡೆದ ಪ್ರತಿಗಳೇ ಸಾವಿರಗಟ್ಟಲೆ ಇವೆ. ಜಂಕ್ ಎಂದು ಕರೆಸಿಕೊಂಡ ಯುಗದ ನಟ್ಟನಡುವೆ ಹುಟ್ಟಿದ್ದು ಅದು. ಆದರೂ ಇವತ್ತಿಗೂ ಜನ ಅದನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಒಂದು ಇದ್ದವರು ಇನ್ನೊಂದು ಕೊಳ್ಳುತ್ತಾರೆ. ನಲವತ್ತು ದಾಟಿದ ಅಮೆರಿಕದ ಗಂಡಸರ ಮುಂದೆ ಅದರ ಹೆಸರೆತ್ತಿ ನೋಡಿ. ನನ್ನ ಹತ್ತಿರವೂ ಇದೆ ಎಂದು ಹೇಳುವಾಗ ಅವರ ಮುಖದಲ್ಲಿ ಕಾಣುವುದು ಗೆದ್ದವನ ಹೆಮ್ಮೆಯಲ್ಲ, ಒಂದೇ ಶಾಲೆಯಲ್ಲಿ ಓದಿದವರು ದಾರಿಯಲ್ಲಿ ಸಿಕ್ಕಾಗಿನ ಸಂತೋಷ.

ಒಬ್ಬನ ಬಳಿ ಇರುವ ಕಾರ್ಡನ್ನು ಉಳಿದವರು ನೋಡಿ ಸುಮ್ಮನಾಗಬೇಕು. ಎಲ್ಲರ ಬಳಿ ಇರುವ ಕಾರ್ಡಿನಿಂದ ಮಾತು ಶುರುವಾಗುತ್ತದೆ. ನಿನಗೆ ಯಾವ ಅಂಗಡಿಯಲ್ಲಿ ಸಿಕ್ಕಿತು, ನನಗೆ ಅಜ್ಜ ಕೊಡಿಸಿದ್ದು, ನಮ್ಮಣ್ಣ ಅದನ್ನು ಬದಲಿಗೆ ಕೊಡು ಎಂದು ಒಂದು ತಿಂಗಳು ಪೀಡಿಸಿದ. ಮಕ್ಕಳ ವಿನಿಮಯ ನಡೆಯುವುದೂ ಹೆಚ್ಚಾಗಿ ಇರುವುದರಿಂದಲೇ. ನನ್ನ ಬಳಿ ಎರಡಿದ್ದರೆ ತಾನೇ ನಿನಗೆ ಒಂದು ಕೊಡುವುದು? ಬೆಂಕಿಪೊಟ್ಟಣದ ಚಿತ್ರ ಕೂಡಿಹಾಕಿದ ನಮ್ಮ ಮಕ್ಕಳಿಗೂ ಇದು ಗೊತ್ತಿತ್ತು. ಎಲ್ಲವೂ ಒಂದೊಂದೇ ಇದ್ದವನು ಆಟಕ್ಕೆ ಬರುತ್ತಿರಲಿಲ್ಲ.

ಮಾರುಕಟ್ಟೆ ಕಲಿತ ಪಾಠ ಬೇರೆ. ಜನ ಹೆಚ್ಚಾದದ್ದನ್ನು ಬಿಟ್ಟರು ಎಂದು ತಿಳಿದ ಕಂಪನಿಗಳು ಕೊರತೆಯನ್ನೇ ತಯಾರಿಸತೊಡಗಿದವು. 1990ರಲ್ಲಿ ಅಪ್ಪರ್ ಡೆಕ್ ರೆಜಿ ಜಾಕ್ಸನ್ ಅವರ ಸಹಿಯಿರುವ 2,500 ಕಾರ್ಡುಗಳನ್ನು ಪ್ಯಾಕುಗಳಲ್ಲಿ ಬಚ್ಚಿಟ್ಟಿತು. 1991ರಲ್ಲಿ ಡಾನ್‌ರಸ್ ಹತ್ತು ಸಾವಿರದಲ್ಲಿ ಇಷ್ಟನೆಯದು ಎಂದು ಸಂಖ್ಯೆ ಹೊತ್ತ ಕಾರ್ಡು ತಂದಿತು. 1997ರ ಹೊತ್ತಿಗೆ ಫ್ಲೀರ್ ಒಂದೇ ಒಂದು ಪ್ರತಿ ಇರುವ ಕಾರ್ಡನ್ನು ಮುದ್ರಿಸಿತು. ಹಳೆಯ ಕಾರ್ಡನ್ನು ಕಾಲ ವಿರಳ ಮಾಡಿತ್ತು, ಹೊಸದನ್ನು ಕಂಪನಿಯೇ ಮಾಡುತ್ತದೆ. ಇಂದಿನ ಹುಡುಗ ಪ್ಯಾಕು ಒಡೆಯುವುದು ಲಾಟರಿ ಚೀಟಿ ಉಜ್ಜಿದ ಹಾಗೆ. ಹೊಳೆಯುವ ಒಂದು ಕಾರ್ಡಿಗಾಗಿ ಉಳಿದ ಹತ್ತನ್ನು ಮೇಜಿನ ಮೇಲೆ ಬಿಟ್ಟು ಹೋಗುತ್ತಾನೆ.

ವಿರಳತೆಯ ಪರವಾಗಿ ಹೇಳಬೇಕಾದ ಮಾತೂ ಇದೆ. 1909ರಿಂದ 1911ರವರೆಗೆ ಸಿಗರೇಟಿನ ಜೊತೆ ಬಂದ ಹೋನಸ್ ವ್ಯಾಗ್ನರ್ ಅವರ ಕಾರ್ಡು ಇಂದು ಬೆರಳೆಣಿಕೆಯಷ್ಟಲ್ಲದಿದ್ದರೂ ಅರವತ್ತರ ಆಸುಪಾಸಿನಲ್ಲಷ್ಟೇ ಉಳಿದಿದೆ. ನೂರು ವರ್ಷದ ಬೆಂಕಿ, ನೀರು, ಗೆದ್ದಲು ದಾಟಿ ಬಂದ ಕಾಗದದ ಮುಂದೆ ನಿಂತಾಗ ಹುಟ್ಟುವ ಬೆರಗು ಸುಳ್ಳಲ್ಲ. ಉಳಿದುಬಂದದ್ದನ್ನು ಗೌರವಿಸುವುದು ಒಳ್ಳೆಯ ಗುಣವೇ. ಆದರೆ ಆ ಬೆರಗಿಗೆ ಅದು ನನ್ನದಾಗಬೇಕಿಲ್ಲ. ನನ್ನದಾಗಬೇಕೆಂಬ ಹಟ ಸೇರಿದಾಗ ಏನಾಗುತ್ತದೆ ಎಂಬುದಕ್ಕೂ ಅದೇ ಕಾರ್ಡು ಸಾಕ್ಷಿ. ಅತ್ಯುತ್ತಮ ಸ್ಥಿತಿಯದೆಂದು ಪ್ರಸಿದ್ಧವಾದ ವ್ಯಾಗ್ನರ್ ಪ್ರತಿಯ ಅಂಚನ್ನು ಚೂಪಾಗಿ ಕಾಣಲೆಂದು ಕತ್ತರಿಸಿದ್ದಾಗಿ ಹರಾಜುಗಾರ ಬಿಲ್ ಮ್ಯಾಸ್ಟ್ರೋ 2013ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡರು. ಉಳಿದುಬಂದದ್ದಕ್ಕೆ ಗೌರವ ಸಲ್ಲುತ್ತಿದ್ದ ವಸ್ತುವನ್ನೇ ಬೆಲೆಗಾಗಿ ಕತ್ತರಿಸಲಾಯಿತು.

ಇದೇ ಹವ್ಯಾಸದಲ್ಲಿ ಇನ್ನೊಂದು ದಾರಿ ಹಿಡಿದವರೂ ಇದ್ದರು. ಸಿರಕ್ಯೂಸ್ ಊರಿನ ಜೆಫರ್ಸನ್ ಬರ್ಡಿಕ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು, ಸಂಧಿವಾತದಿಂದ ಬೆರಳು ಸೆಟೆದುಕೊಂಡವರು. ಮೂರು ಲಕ್ಷಕ್ಕೂ ಹೆಚ್ಚು ಮುದ್ರಿತ ಚಿತ್ರ, ಕಾರ್ಡು, ಚೀಟಿಗಳನ್ನು ಕೂಡಿಸಿದರು. ಅದರಲ್ಲಿ ಬೇಸ್‌ಬಾಲ್ ಕಾರ್ಡುಗಳೇ ಸುಮಾರು ಮೂವತ್ತು ಸಾವಿರ. ಅಷ್ಟನ್ನೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯಕ್ಕೆ ಕೊಟ್ಟರು. ಕೊಟ್ಟು ಸುಮ್ಮನಾಗಲಿಲ್ಲ, ವರ್ಷಗಟ್ಟಲೆ ಅಲ್ಲಿಯೇ ಕೂತು ಆಲ್ಬಮ್‌ಗಳಿಗೆ ಅಂಟಿಸಿದರು. 1963ರ ಜನವರಿಯಲ್ಲಿ ಕೆಲಸ ಮುಗಿಯಿತು, ಮಾರ್ಚಿನಲ್ಲಿ ತೀರಿಕೊಂಡರು. ಅವರ ಆಲ್ಬಮ್‌ಗಳಲ್ಲಿ ವ್ಯಾಗ್ನರ್ ಕಾರ್ಡೂ ಇದೆ, ಯಾರೂ ಕೇಳದ ಕಾಮನ್‌ಗಳೂ ಇವೆ, ಪಕ್ಕಪಕ್ಕದಲ್ಲೇ. ಬರ್ಡಿಕ್ ತಮ್ಮ ಸಂಗ್ರಹವನ್ನು ಎಲ್ಲರದ್ದೂ ಮಾಡಿಹೋದರು.

ಕಾಮನ್ ಎಂದು ಕರೆಸಿಕೊಂಡದ್ದು ಒಂದು ಕಾಗದ ಮಾತ್ರವಲ್ಲ ಎಂಬುದನ್ನೂ ಮರೆಯಬಾರದು. ಅದರ ಮೇಲೆ ಒಬ್ಬ ಮನುಷ್ಯನ ಮುಖವಿದೆ. 1987ರಲ್ಲಿ ಮೇಜರ್ ಲೀಗಿನಲ್ಲಿದ್ದದ್ದು 26 ತಂಡಗಳು, ತಂಡಕ್ಕೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ ಜನ. ಅಂದರೆ ಒಂದು ಹೊತ್ತಿಗೆ ಆರುನೂರೈವತ್ತರ ಒಳಗೆ. ಬಾಲ್ಯದಿಂದ ಚೆಂಡು ಎಸೆದ ಲಕ್ಷಾಂತರ ಹುಡುಗರಲ್ಲಿ ಅಲ್ಲಿಗೆ ತಲುಪಿದವರು ಅಷ್ಟೇ. ತನ್ನ ಊರಿಗೆ ಅವನು ದಂತಕಥೆ. ಕಾರ್ಡಿನ ಬೆಲೆಪಟ್ಟಿಗೆ ಮಾತ್ರ ಅವನು ಮೂರು ಸೆಂಟಿನ ಕಾಮನ್. ಎಣಿಕೆಯಲ್ಲಿ ಅಷ್ಟು ವಿರಳನಾದ ಮನುಷ್ಯ ಮುದ್ರಣದ ದೆಸೆಯಿಂದ ಸಾಮಾನ್ಯನಾದ.

ಬ್ರ್ಯಾಡ್ ಬಾಲುಕ್‌ಜಿಯನ್ ಎಂಬ ಲೇಖಕರು ಈ ಅನ್ಯಾಯವನ್ನು ತಮ್ಮದೇ ರೀತಿಯಲ್ಲಿ ಸರಿಪಡಿಸಲು ಹೊರಟರು. 1986ರ ಟಾಪ್ಸ್ ಪ್ಯಾಕು ಒಂದನ್ನು ಕೊಂಡು ಒಡೆದು, ಅದರಲ್ಲಿ ಸಿಕ್ಕ ಆಟಗಾರರೆಲ್ಲ ಈಗ ಎಲ್ಲಿದ್ದಾರೆ ಎಂದು 2015ರ ಬೇಸಿಗೆಯಲ್ಲಿ ಹುಡುಕಿಕೊಂಡು ಹೋದರು. ಕಾರಿನಲ್ಲಿ ಹನ್ನೊಂದು ಸಾವಿರ ಮೈಲಿಗೂ ಹೆಚ್ಚು ಸುತ್ತಿದರು. 2020ರಲ್ಲಿ ಬಂದ ಅವರ ‘ದ ವ್ಯಾಕ್ಸ್ ಪ್ಯಾಕ್’ ಆ ಪ್ರಯಾಣದ ಪುಸ್ತಕ. ಅವರು ಬಾಲ್ಯದಲ್ಲಿ ಮೆಚ್ಚಿದ್ದು ಡಾನ್ ಕಾರ್ಮನ್ ಎಂಬ ಪಿಚರನ್ನು. ಯಾವ ಬೆಲೆಪಟ್ಟಿಯೂ ತಲೆಕೆಡಿಸಿಕೊಳ್ಳದ ಹೆಸರು. ಯಾರೂ ಬೇಡವೆಂದು ಬಿಟ್ಟ ಕಾರ್ಡುಗಳಿಂದ ಬಾಲುಕ್‌ಜಿಯನ್ ಕಂಡುಕೊಂಡದ್ದು ಅಪ್ಪ ಮಕ್ಕಳ ಮುನಿಸು, ಮುರಿದ ಮದುವೆ, ಆಟ ಮುಗಿದ ಮೇಲಿನ ಬದುಕು. ಆ ಪ್ಯಾಕಿನಲ್ಲಿ ಅಷ್ಟೂ ಇತ್ತು. ಬೆಲೆ ನೋಡುವ ಕಣ್ಣಿಗೆ ಅದು ಕಂಡಿರಲಿಲ್ಲ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವೆ. ಗಿಡದಲ್ಲಿ ಔಷಧದ ಗುಣ ಇಲ್ಲವೆಂದು ಅದರ ಅರ್ಥವಲ್ಲ. ಅದು ಹಿತ್ತಲಲ್ಲೇ ಇದೆ, ಆದ್ದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ ಎಂದರ್ಥ. ನಮ್ಮ ‘ಸಾಮಾನ್ಯ’ ಪದಕ್ಕೂ ಹೀಗೇ ಆಗಿದೆ. ಇಂದು ಸಾಮಾನ್ಯ ಎಂದರೆ ವಿಶೇಷವಲ್ಲದ್ದು, ಕೆಳಗಿನದು. ಆದರೆ ವೈಶೇಷಿಕರು ಜಗತ್ತಿನ ಪದಾರ್ಥಗಳನ್ನು ಎಣಿಸುವಾಗ ದ್ರವ್ಯ, ಗುಣ, ಕರ್ಮಗಳ ಜೊತೆಗೆ ಸಾಮಾನ್ಯಕ್ಕೂ ಒಂದು ಸ್ಥಾನ ಕೊಟ್ಟರು, ವಿಶೇಷಕ್ಕೂ ಕೊಟ್ಟರು. ಅವರಿಗೆ ಸಾಮಾನ್ಯ ಎಂದರೆ ಹಲವು ವಸ್ತುಗಳಲ್ಲಿ ಒಂದೇ ಆಗಿ ನೆಲೆಸಿರುವುದು. ಸಾವಿರ ಹಸುಗಳನ್ನು ಹಸು ಎಂದೇ ಗುರುತಿಸಲು ನಮಗೆ ಸಾಧ್ಯವಾಗುವುದು ಅದರಿಂದ. ಹಂಚಿಕೊಂಡದ್ದು ಎಂಬ ಅರ್ಥದಿಂದ ಹೊರಟ ಪದ ಕೀಳು ಎಂಬ ಅರ್ಥಕ್ಕೆ ಜಾರಿದ್ದರಲ್ಲಿ ನಮ್ಮ ಬಗ್ಗೆಯೂ ಒಂದು ಸುದ್ದಿಯಿದೆ.

ಹಂಚಿಕೊಂಡರೆ ಹೆಚ್ಚುವ ವಸ್ತುಗಳನ್ನು ಎಣಿಸಲು ದೂರ ಹೋಗಬೇಕಿಲ್ಲ. ಈ ಲೇಖನ ಬರೆಯುತ್ತಿರುವ ಭಾಷೆಯೇ ಒಂದು. ಕನ್ನಡ ನನ್ನೊಬ್ಬನ ಬಳಿ ಮಾತ್ರ ಇದ್ದಿದ್ದರೆ ಜಗತ್ತಿನ ಅತಿ ವಿರಳ ವಸ್ತುವೊಂದು ನನ್ನದಾಗಿರುತ್ತಿತ್ತು, ಅದರಿಂದ ನನಗೆ ಏನೂ ಉಪಯೋಗವಿರುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಸವೆದ ಪದವೇ ನಮ್ಮ ಕೆಲಸಕ್ಕೆ ಬರುವುದು. ಹಾಡು, ಕಥೆ, ಊರಿನ ಕೆರೆ ಇವುಗಳೂ ಹಾಗೇ.

ಆದ್ದರಿಂದ ನಾನು ಯಾವುದಾದರೂ ವಸ್ತುವಿಗೆ ಕೈಚಾಚುವಾಗ ಈಚೆಗೆ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ನಾಳೆ ಬೆಳಿಗ್ಗೆ ಇದು ಬೀದಿಯ ಪ್ರತಿ ಮನೆಯಲ್ಲೂ ಇರುತ್ತದೆ ಎಂದಾದರೆ ನನಗೆ ಇದು ಬೇಕೇ? ಬೇಕು ಎಂದಾದರೆ ಆಸೆ ವಸ್ತುವಿನ ಮೇಲಿದೆ. ಬೇಡ ಎಂದಾದರೆ ನಾನು ಕೊಳ್ಳಲು ಹೊರಟಿರುವುದು ಅಕ್ಕಪಕ್ಕದವರ ಕೊರತೆಯನ್ನು. ಉತ್ತರ ಯಾವಾಗಲೂ ನನಗೆ ಹಿತವಾಗಿರುವುದಿಲ್ಲ. ಪುಸ್ತಕಗಳ ವಿಷಯದಲ್ಲಿ, ಪದವಿಗಳ ವಿಷಯದಲ್ಲಿ, ಮಕ್ಕಳನ್ನು ಯಾವ ಶಾಲೆಗೆ ಸೇರಿಸಬೇಕು ಎಂಬ ವಿಷಯದಲ್ಲೂ ಅದನ್ನು ಕೇಳಿನೋಡಬಹುದು. ಕೆಲವು ಕಡೆ ನಾವು ಸಾಲಿನಲ್ಲಿ ಮುಂದೆ ನಿಲ್ಲಲೇಬೇಕಾಗುತ್ತದೆ, ಬದುಕು ಹಾಗಿದೆ. ಆಗಲೂ ನಾವು ಸಾಲಿನಲ್ಲಿದ್ದೇವೆ ಎಂಬುದು ಗೊತ್ತಿದ್ದರೆ ಒಳ್ಳೆಯದು.

ಅಮೆರಿಕದ ನೆಲಮಾಳಿಗೆಗಳಲ್ಲಿ ಕೋಟಿಗಟ್ಟಲೆ ಕಾಮನ್‌ಗಳು ಇನ್ನೂ ಕೂತಿವೆ. ಅವು ಯಾರನ್ನೂ ಶ್ರೀಮಂತ ಮಾಡುವುದಿಲ್ಲ. ಆದರೆ ಈಗ ಅವನ್ನು ಯಾವ ಮಗುವಿನ ಕೈಗಾದರೂ ಕೊಡಬಹುದು. ಮುಟ್ಟಬೇಡ ಎಂದು ಹೇಳುವ ಕಾರಣ ಯಾರಿಗೂ ಉಳಿದಿಲ್ಲ.